ಎಂಬತ್ತೆಂಟು ಕನ್ಯಾ, ವರ ಒಬ್ಬನೂ ಇಲ್ಲ

ಅಥಣಿ
ಬುಧವಾರ, ೨೭ ನವೆಂಬರ್ ೧೯೯೬

ಪ್ರೀತಿಯ ತಮ್ಮ ಬಾಬುಗೆ,

ನಿನ್ನ ಮೊಳಕಾಲ ನೋವು ಈಗ ಹೇಗಿದೆ? ಅಸ್ಸಾಮಿನಲ್ಲಿ ಚಳಿ ಶುರುವಾಗಿರಬೇಕು. ಕಳೆದ ವರ್ಷ ನಾನು ಹೆಣೆದುಕೊಟ್ಟ ಸ್ವೆಟರನ್ನು ಟ್ರಂಕಿನಲ್ಲಿ ಜೋಪಾನವಾಗಿಟ್ಟು ನೀನು ನಡುಗುತ್ತ ಕೂರಬೇಡ, ಹಾಕಿಕೋ. ಸುಬೇದಾರನಾದ ಮಾತ್ರಕ್ಕೆ ಚಳಿ ನಿನಗೆ ಸೆಲ್ಯೂಟ್ ಹೊಡೆಯುವುದಿಲ್ಲ. ಅವ್ವ ಗಟ್ಟಿಯಾಗಿದ್ದಾಳೆ. ಕಿವಿ ಸ್ವಲ್ಪ ಮಂದ, ನಾಲಿಗೆ ಮೊದಲಿನಷ್ಟೇ ಚುರುಕು. ತೇಜಪುರ ಎಂಬ ಹೆಸರು ಮಾತ್ರ ಅವಳ ಬಾಯಿಗೆ ಇನ್ನೂ ಒಗ್ಗಿಲ್ಲ; ನಮ್ಮ ಬಾಬು ಚಹಾದ ಊರಾಗ ಅದಾನ ಎಂದು ಹಾರೂಗೇರಿಯ ತೋಟಕ್ಕೆ ಬಂದವರಿಗೆಲ್ಲ ಹೇಳುತ್ತಾಳೆ. ದ್ರಾಕ್ಷಿ ಬಳ್ಳಿ ಸವರುವ ಚಾಟಣಿ ಅಕ್ಟೋಬರ್ ಮೊದಲ ವಾರದಲ್ಲೇ ಮುಗಿದು ಈಗ ಹೂವು ಉದುರಿ ಸಣ್ಣ ಕಾಯಿ ಕಟ್ಟಿದೆ. ನನ್ನ ಸುದ್ದಿ ಹೇಳುವಂಥದ್ದೇನಿಲ್ಲ. ಮೂವತ್ತೈದು ವರ್ಷ ಮಕ್ಕಳ ಮುಂದೆ ನಿಂತು ಕೂಗಿದವಳಿಗೆ ನಿವೃತ್ತಿ ಎಂದರೆ ಗೋಡೆಗೆ ಪಾಠ ಹೇಳಿದ ಹಾಗೆ. ಬೆಳಿಗ್ಗೆ ಎರಡು ಪತ್ರಿಕೆ, ಮಧ್ಯಾಹ್ನ ಗ್ರಂಥಾಲಯ. ಓದಿದಷ್ಟೂ ಸಿಟ್ಟು ಹೆಚ್ಚುತ್ತಿದೆ, ರಕ್ತದೊತ್ತಡದ ಗುಳಿಗೆಯೂ ಹೆಚ್ಚುತ್ತಿದೆ.

ಬೆಂಗಳೂರಿನಲ್ಲಿ ನಡೆದ ವಿಶ್ವಸುಂದರಿ ಸ್ಪರ್ಧೆಯ ಸುದ್ದಿ ನಿಮ್ಮ ಮೆಸ್ಸಿಗೂ ಮುಟ್ಟಿರಬೇಕು. ನಿನ್ನ ಜವಾನರು ಟಿವಿಯ ಮುಂದಿನಿಂದ ಎದ್ದಿರಲಿಕ್ಕಿಲ್ಲ. ಒಂದು ತಿಂಗಳಿಂದ ನಮ್ಮಲ್ಲಿ ಬೇರೆ ಮಾತೇ ಇರಲಿಲ್ಲ. ಎಂಬತ್ತೆಂಟು ದೇಶಗಳ ಹುಡುಗಿಯರನ್ನು ಕರೆಸಿ, ಎದೆ ಇಷ್ಟು, ನಡು ಇಷ್ಟು ಎಂದು ಇಂಚಿನಲ್ಲಿ ಲೆಕ್ಕ ಬರೆದು, ನಡೆಸಿ, ನಗಿಸಿ, ಒಬ್ಬಳ ತಲೆಗೆ ಕಿರೀಟ ಇಡುವುದು. ಆಮೇಲೆ ಅದೇ ಮುಖ ತೋರಿಸಿ ನಮ್ಮ ಹುಡುಗಿಯರಿಗೆ ಸಾಬೂನು, ಮುಲಾಮು ಮಾರುವುದು. ಹೋದ ಎರಡು ವರ್ಷದಲ್ಲಿ ಅಥಣಿಯ ಅಂಗಡಿಗಳಲ್ಲಿ ಬಿಳುಪು ಬರಿಸುವ ಮುಲಾಮಿನ ಡಬ್ಬಿಗಳು ಎಷ್ಟು ಜಾತಿಯವು ಬಂದಿವೆ ಎಂದು ನೀನೇ ಬಂದು ನೋಡಬೇಕು. ಜನ ವಿರೋಧಿಸಿದರು ಎಂದು ಸ್ನಾನದ ಉಡುಪಿನ ಭಾಗವನ್ನಷ್ಟೇ ಎಲ್ಲೋ ಒಂದು ದ್ವೀಪಕ್ಕೆ ಸಾಗಿಸಿದರು. ನಾಚಿಕೆಯನ್ನು ವಿಮಾನ ಹತ್ತಿಸಿ ಸಮುದ್ರ ದಾಟಿಸಿದರೆ ತೀರಿತು ಎಂದು ತಿಳಿದ ಈ ಬುದ್ಧಿವಂತರನ್ನು ನಾನು ಏಳನೆಯ ಇಯತ್ತೆಯಲ್ಲಿ ಪಾಸು ಮಾಡುತ್ತಿರಲಿಲ್ಲ. ನಾನು ಇದನ್ನೆಲ್ಲ ನಾಲ್ಕು ಪುಟ ಬರೆದು ಪತ್ರಿಕೆಗೆ ಕಳಿಸಿದೆ. ಅವರು ಹನ್ನೊಂದು ಸಾಲು ಉಳಿಸಿಕೊಂಡು ಮೇಲೆ ‘ಸಂಸ್ಕೃತಿ ಉಳಿಸಿ’ ಎಂದು ತಲೆಬರಹ ಕೊಟ್ಟರು. ಸಂಸ್ಕೃತಿ ಎಂಬ ಪದವನ್ನು ನಾನು ಎಲ್ಲಿಯೂ ಬಳಸಿರಲಿಲ್ಲ, ಬಾಬು. ಬೇಕೆಂದೇ ಬಳಸಿರಲಿಲ್ಲ. ನಮ್ಮ ಸೀಮೆಯಲ್ಲಿ ಹತ್ತು ವರ್ಷದ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿ ದೇವರ ಹೆಸರಿನಲ್ಲಿ ಬಿಡುವಾಗ ಮಾತಾಡದೆ ಕುಳಿತ ಜನ ಈಗ ಸಂಸ್ಕೃತಿ ಕೆಟ್ಟಿತು ಎಂದು ಎದೆ ಬಡಿದುಕೊಳ್ಳುವುದನ್ನು ನೋಡಿದರೆ ನನಗೆ ಯಾರ ಮೇಲೆ ಮೊದಲು ಸಿಟ್ಟಾಗಬೇಕು ಎಂಬುದೇ ತಿಳಿಯುವುದಿಲ್ಲ.

ಆದರೂ ಸಭೆ ಮಾಡಿದೆವು. ಹದಿನೇಳನೆಯ ತಾರೀಖು ಭಾನುವಾರ, ಅಥಣಿಯಲ್ಲಿ, ಇನ್ನೂರು ಜನ. ಹಾರೂಗೇರಿಯ ಅರಿವೆ ಅಂಗಡಿಯ ಜಕ್ಕಪ್ಪ ನಿನಗೆ ಗೊತ್ತಲ್ಲ, ಸಂಬಂಧ ಕೂಡಿಸುವುದರಲ್ಲಿ ಈ ಭಾಗಕ್ಕೆಲ್ಲ ಹೆಸರಾದವನು. ಅವತ್ತಿನ ಭಾಷಣ ಅವನದೇ ಭಾರಿ. ಸಂತೆಯಲ್ಲಿ ಎಮ್ಮೆ ನಡೆಸಿ ನೋಡಿದ ಹಾಗೆ ಹೆಣ್ಣುಮಕ್ಕಳನ್ನು ನಡೆಸಿ ನೋಡುತ್ತಾರೆ, ಇವರ ಮನೆಯಲ್ಲಿ ಅಕ್ಕ ತಂಗಿಯರಿಲ್ಲವೇ ಎಂದು ಮೇಜು ಗುದ್ದಿದ. ಚಪ್ಪಾಳೆ ತಟ್ಟಿದವರಲ್ಲಿ ಮೊದಲಿಗಳು ನಾನೇ. ನಮ್ಮ ಲಗಮಣ್ಣಣ್ಣನೂ ಬಂದು ಮನವಿಗೆ ಸಹಿ ಹಾಕಿದ. ನನಗೆಷ್ಟು ಹೆಮ್ಮೆಯಾಯಿತೆಂದರೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ ಅವನನ್ನು ಹತ್ತಿಸಿ ಬಂದೆ.

ಬಸ್ಸು ಹತ್ತುವಾಗ ಅಣ್ಣ ಹೇಳಿದ, ಮುಂದಿನ ಭಾನುವಾರ ಸುಂದರಾಳನ್ನು ನೋಡಲು ಕಾಗವಾಡದ ಕಡೆಯಿಂದ ಬರುತ್ತಾರೆ, ಜಕ್ಕಪ್ಪನೇ ತಂದ ಸಂಬಂಧ, ಶನಿವಾರ ಕಾಲೇಜು ಮುಗಿಸಿಕೊಂಡು ನೀನೇ ಅವಳನ್ನು ಕರೆದುಕೊಂಡು ಬಾ ಎಂದು. ನಿನ್ನ ಮಗಳು ವಾರವೆಲ್ಲ ನನ್ನ ಮನೆಯಲ್ಲಿದ್ದು ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿರುವಾಗ, ಏಪ್ರಿಲ್‌ನಲ್ಲಿ ಪರೀಕ್ಷೆ ಇರುವಾಗ, ಸಸ್ಯಶಾಸ್ತ್ರದಲ್ಲಿ ಮುಂದೆ ಧಾರವಾಡಕ್ಕೆ ಹೋಗಬೇಕೆಂದು ಆಸೆ ಇಟ್ಟುಕೊಂಡಿರುವಾಗ ಇದೇನು ಗಡಿಬಿಡಿ ಎಂದು ಕೇಳಿದೆ. ಬರೀ ನೋಡಿ ಹೋಗ್ತಾರ, ನೋಡಿದರೇನು ಸವೀತಾಳೇನು ಎಂದ. ನಾನು ಸುಮ್ಮನಾದೆ. ಆ ಸುಮ್ಮನಾದದ್ದು ನನ್ನ ಮೊದಲ ತಪ್ಪು ಎಂದು ಬರೆದುಕೋ.

ಶನಿವಾರ ಸಂಜೆ ನಾವು ತೋಟ ಮುಟ್ಟುವ ಹೊತ್ತಿಗೆ ಪಡಸಾಲೆ ತುಂಬಿತ್ತು. ಅಕ್ಕಪಕ್ಕದ ತೋಟದವರೆಲ್ಲ ಅಣ್ಣನ ಟಿವಿ ನೋಡಲು ಬಂದಿದ್ದರು, ಅದೇ ಸ್ಪರ್ಧೆ. ವಾರದ ಹಿಂದೆ ಸಹಿ ಹಾಕಿದ ಮನುಷ್ಯ ಮುಂದಿನ ಸಾಲಿನಲ್ಲಿ ಕೂತಿದ್ದ. ಏನನ್ನು ವಿರೋಧಿಸಿದೆವು ಎಂದು ನೋಡಬೇಕಲ್ಲ ಎಂದ. ನಾನೂ ಕುಳಿತೆ, ಸುಳ್ಳೇಕೆ ಹೇಳಲಿ. ಎದೆಯ ಮೇಲೆ ದೇಶದ ಹೆಸರಿನ ಪಟ್ಟಿ ಅಡ್ಡ ಹಾಕಿಕೊಂಡು ಸಾಲಾಗಿ ಬಂದರು ಆ ಹುಡುಗಿಯರು. ನಾನು ಸಿಟ್ಟಿನಿಂದಲೇ ನೋಡಬೇಕೆಂದಿದ್ದೆ, ಆದರೆ ಮುಖ ನೋಡಿದರೆ ಎಲ್ಲವೂ ನಮ್ಮ ಹತ್ತನೆಯ ಇಯತ್ತೆ ದಾಟಿದ ಮಕ್ಕಳ ಹಾಗೆ. ಯಾವ ದೇಶದವಳೋ ಮರೆತೆ, ಒಬ್ಬಳಿಗೆ ಚಪ್ಪಲಿಯ ಹಿಮ್ಮಡ ತೊಂದರೆ ಕೊಡುತ್ತಿತ್ತು. ಕಾಲು ಹೊರಳುವುದನ್ನು ನಗುವಿನಲ್ಲಿ ಮುಚ್ಚಿಕೊಂಡು ನಡೆದಳು. ಇನ್ನೊಬ್ಬಳು ದನದ ಡಾಕ್ಟರಾಗಬೇಕೆಂದು ಹೇಳಿದಳಂತೆ, ಇಂಗ್ಲಿಷ್ ತಿಳಿದ ಸುಂದರಾ ನಮಗೆ ತಿಳಿಸಿದಳು. ಕಪ್ಪು ಬಣ್ಣದ ಒಬ್ಬ ಹುಡುಗಿ ಬಂದಾಗ ಸುಂದರಾ ಸ್ವಲ್ಪ ಮುಂದೆ ಸರಿದು ಕೂತದ್ದನ್ನು ನಾನು ಕಂಡೆ. ನಿನ್ನ ಮಗಳು ದೊಡ್ಡಪ್ಪನ ಜೊತೆ ಬಿಸಿಲಲ್ಲಿ ದ್ರಾಕ್ಷಿಯ ಸಾಲು ತಿರುಗಿ ಕಪ್ಪಾಗಿದ್ದಾಳೆ ಎಂದು ಮನೆಯವರೆಲ್ಲ ಹೇಳುತ್ತಲೇ ಇರುತ್ತಾರೆ.

ಆಗ ಅವ್ವ ನನ್ನ ಸೆರಗು ಜಗ್ಗಿದಳು. ಬಹಳ ಹೊತ್ತಿನಿಂದ ಬೆರಳು ಮಡಿಸಿ ಎಣಿಸುತ್ತಿದ್ದವಳು, ಪಡಸಾಲೆಗೆಲ್ಲ ಕೇಳುವಂತೆ ಕೇಳಿದಳು: “ಇಷ್ಟ ಮಂದಿ ಕನ್ಯಾ ಬಂದಾವು, ವರ ಎಲ್ಲೆ ಕುಂತಾನ?”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವ್ವನ ತಪ್ಪಲ್ಲ, ಎಂಬತ್ತು ವರ್ಷದಲ್ಲಿ ಅವಳು ಕಂಡದ್ದು ಒಂದೇ ಬಗೆಯ ನೋಟ. ಹುಡುಗಿಯರು ಸಿಂಗರಿಸಿಕೊಂಡು ಒಬ್ಬೊಬ್ಬರಾಗಿ ನಡೆಯುತ್ತಾರೆ, ಎದುರಿಗೆ ಹಿರಿಯರು ಕುಳಿತು ನೋಡುತ್ತಾರೆ, ಏನೋ ಕೇಳುತ್ತಾರೆ, ಅವರು ತಲೆಯಾಡಿಸಿ ಉತ್ತರ ಕೊಡುತ್ತಾರೆ. ಹಾಗಾದರೆ ಇದು ಕನ್ಯಾ ನೋಡುವ ಶಾಸ್ತ್ರವಲ್ಲದೆ ಇನ್ನೇನು? ಸುಂದರಾ ಅವಳ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು, ಆಯಿ, ಇದರಾಗ ವರ ಇಲ್ಲ, ಬರೀ ಚೆಂದ ನೋಡಿ ಬಹುಮಾನ ಕೊಡ್ತಾರ, ಆಮೇಲೆ ಎಲ್ಲಾರೂ ತಮ್ಮ ತಮ್ಮ ಮನಿಗೆ ಹೋಗ್ತಾರ ಎಂದು. ಅವ್ವ ಎಣಿಕೆ ಬಿಟ್ಟು ಅವಳ ಕಡೆ ತಿರುಗಿದಳು. “ಯಾರೂ ಕಟಗೊಂಡ ಹೋಗೂದಿಲ್ಲಾ? ನಡದ ತೋರಿಸಿ ತಮ್ಮ ಮನಿಗೆ ತಾವ ಹೋಗ್ತಾರಾ? ಹಂಗಾದರ ಚಲೋನ ಐತಿ ಬಿಡು,” ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದಳು. ಮತ್ತೆ ನಗೆ. ನಾನೂ ನಕ್ಕೆ. ಸುಂದರಾ ಮಾತ್ರ ನಗಲಿಲ್ಲ. ಕೊನೆಗೆ ಗ್ರೀಸ್ ದೇಶದ ಹುಡುಗಿಗೆ ಕಿರೀಟ ಬಂತು, ಜನ ಎದ್ದು ಹೋದರು.

ಮರುದಿನ ಹನ್ನೊಂದು ಗಂಟೆಗೆ ಜೀಪು ಬಂತು. ಹುಡುಗ ಭರಮು, ಅವನ ಸೋದರತ್ತೆ ಕಾಶಿಬಾಯಿ, ಇನ್ನಿಬ್ಬರು ಹಿರಿಯರು, ಮುಂದೆ ಜಕ್ಕಪ್ಪ. ಹುಡುಗ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಲೆ ತಗ್ಗಿಸಿ ಕೂತಿದ್ದ, ಮಾತೆಲ್ಲ ಅತ್ತೆಯದು. ಅವರ ಮನೆಯಲ್ಲಿ ಹನ್ನೆರಡು ಎಕರೆ ದ್ರಾಕ್ಷಿ. ಸುಂದರಾ ಚಹಾ ತಂದಿಟ್ಟಳು. ಕಾಶಿಬಾಯಿ ಅವಳ ಕೈ ಹಿಡಿದು ತಿರುವಿ ನೋಡಿ, ಜಡೆ ಎತ್ತಿ ನೋಡಿ, ನಿನ್ನೆ ನಮ್ಮ ಮನಿಯಾಗೂ ಟಿವಿ ನೋಡಿದಿವ್ರಿ ಎಂದು ಸುರು ಮಾಡಿದಳು. “ಹಂಗ ನೀನೂ ಒಂದ ಸಲ ನಡದ ತೋರಸ ಯವ್ವಾ. ಇಲ್ಲಿಂದ ಆ ದ್ರಾಕ್ಷಿ ಸಾಲಿನ ಮಟಾ ಹೋಗಿ ಬಾ.” ಗಂಡಸರು ನಕ್ಕರು. ನಾನು ಜಕ್ಕಪ್ಪನ ಮುಖ ನೋಡಿದೆ. ಎಮ್ಮೆಯ ಮಾತಾಡಿ ಮೇಜು ಗುದ್ದಿದ ಆ ಮಹಾಶಯ ಬಾಯೊಳಗಿನ ಎಲೆ ಅಡಿಕೆ ಒಂದು ದವಡೆಗೆ ಸರಿಸಿ, ಹೋಗಿ ಬಾ ತಂಗಿ, ಅದಕ್ಕೇನಾತು ಎಂದ.

ಅವಳು ಹೋದಳು. ಅಂಗಳ ದಾಟಿ ಮೊದಲ ಸಾಲಿನ ಹತ್ತಿರ ಹೋದವಳು ಅಲ್ಲಿಯೇ ನಿಂತುಬಿಟ್ಟಳು. ಬಗ್ಗಿ ಒಂದು ಎಲೆ ತಿರುವಿದಳು, ಇನ್ನೊಂದು ತಿರುವಿದಳು. ನಾಚಿಕೊಂಡಾಳ ಪಾಪ ಎಂದು ಯಾರೋ ಅಂದರು. ಅಲ್ಲಿಂದಲೇ ಅವಳು ಹೇಳಿದಳು: “ದೊಡ್ಡಪ್ಪಾ, ಎಲಿ ಹಿಂದ ಬೆಳ್ಳಗ ಬೂಜು ಹಿಡದೈತಿ. ಡಾವಣಿ ಬಂದೈತ್ರಿ. ನಾಳಿ ಮುಂಜಾನಿಕ ಔಷಧ ಹೊಡಿಸ್ರಿ.” ದ್ರಾಕ್ಷಿ ಬೆಳೆದವರಿಗೆ ಆ ರೋಗದ ಹೆಸರೆಂದರೆ ಹಾವಿನ ಹೆಸರು. ಭರಮು ಅರ್ಧ ಎದ್ದ, ಎಲೆ ನೋಡಬೇಕೆಂದು. ಅತ್ತೆ ಅವನ ತೊಡೆಯ ಮೇಲೆ ಕೈ ಇಟ್ಟಳು, ಅವನು ಕುಳಿತ. ಕಾಶಿಬಾಯಿ ತನ್ನ ತೀರ್ಪು ಕೊಟ್ಟಳು, ನಡಿಗಿ ಚಲೋ ಐತಿ ಬಿಡ್ರಿ ಎಂದು. ಹನ್ನೆರಡು ಎಕರೆ ದ್ರಾಕ್ಷಿಯ ಮನೆಯವರು, ಬಾಬು. ಹೋದ ವರ್ಷ ಇದೇ ಹುಡುಗಿ ಭೂತಗನ್ನಡಿ ಹಿಡಿದು ಸಾಲು ಸಾಲು ತಿರುಗಿ ಅಣ್ಣನ ಬೆಳೆ ಉಳಿಸಿದಳು. ಅವರು ಅವಳ ಕಾಲು ನೋಡಿದರು, ಬೆರಳಿನ ತುದಿಯಲ್ಲಿ ಏನಿದೆ ಎಂದು ನೋಡಲಿಲ್ಲ. ನನಗೆ ಇಡೀ ದಿನದಲ್ಲಿ ತಡೆಯಲಾಗದ್ದು ಇದೊಂದೇ.

ಆಮೇಲೆ ಪ್ರಶ್ನೆ. ಟಿವಿಯಲ್ಲಿ ಕೇಳುತ್ತಾರಲ್ಲ, ಹಾಗೆ ತಾನೂ ಒಂದು ಕೇಳುತ್ತೇನೆ, ನಮ್ಮ ಮನೆಗೆ ಬಂದರೆ ಏನು ಮಾಡುತ್ತಿ ಎಂದಳು ಕಾಶಿಬಾಯಿ. ಸುಂದರಾ ತಲೆ ಎತ್ತಿದಳು. “ಏನ ಮಾಡಾಕ ಬಿಡ್ತೀರಿ ಅನ್ನೂದ ನೀವ ಮೊದಲ ಹೇಳ್ರಿ ಅತ್ತೀ, ಆಮೇಲೆ ನಾ ಹೇಳ್ತೇನಿ.” ಅಣ್ಣನ ಮುಖ ಕೆಂಪಾಯಿತು. ಜಕ್ಕಪ್ಪ ಅಂಗಡಿಯಲ್ಲಿ ಹರಿದ ಅರಿವೆಯನ್ನು ಮಡಿಕೆಯೊಳಗೆ ಮುಚ್ಚುವವನು; ಹುಡುಗಿ ಚೂಟಿ ಅದಾಳ್ರಿ, ಮನಿ ನಗನಗತಾ ಇರ್ತೈತಿ ಎಂದು ಅದನ್ನೂ ಮಡಚಿಟ್ಟ.

ಇಲ್ಲಿಯವರೆಗೆ ಬೇರೆಯವರ ತಪ್ಪು ಬರೆದೆ. ಈಗ ನನ್ನದು. ಕಾಶಿಬಾಯಿ ಕೊನೆಗೆ ತನ್ನ ಚೀಲದಿಂದ ಸೂಜಿ ಮತ್ತು ದಾರ ತೆಗೆದು, ಕಣ್ಣು ಹೆಂಗ ಅದಾವ ನೋಡೂಣು, ಪೋಣಿಸವ್ವಾ ಎಂದಳು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿನ್ನ ಹೆಂಡತಿ ಶಿವಗಂಗಾ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಿನಗೆ ನೆನಪಿದೆಯೋ ಇಲ್ಲವೋ, ೧೯೭೪ರಲ್ಲಿ ನಿನಗಾಗಿ ಅವಳನ್ನು ನೋಡಲು ಹೋದಾಗ ಸೂಜಿ ಕೊಟ್ಟವಳು ನಾನು. ಓದಿದ ಹುಡುಗಿ, ಪುಸ್ತಕದ ಮುಂದೆ ಕೂತು ಕಣ್ಣು ಕೆಟ್ಟಿರಬಹುದು ಎಂದು. ಅವಳಿಗೆ ಮೂರು ಸಲ ದಾರ ತಪ್ಪಿತ್ತು, ನಾವೆಲ್ಲ ನಕ್ಕಿದ್ದೆವು. ಅದಕ್ಕಿಂತ ಮೊದಲು, ಕರ್ನಾಟಕ ಒಂದಾದ ವರ್ಷದಿಂದ ಮುಂದೆ ಮೂರು ವರ್ಷ, ಹನ್ನೊಂದು ಮನೆತನದವರು ನನ್ನನ್ನೂ ಹೀಗೆಯೇ ನಡೆಸಿ ನೋಡಿ ಎಡಗೆನ್ನೆಯ ಮಚ್ಚೆಗಾಗಿ ಬಿಟ್ಟುಹೋದರು. ಹನ್ನೆರಡನೆಯವರು ಬರುವ ದಿನ ನಾನು ಟ್ರೇನಿಂಗ್ ಕಾಲೇಜಿಗೆ ಓಡಿಹೋಗಿ ಮಾಸ್ತರಿಣಿಯಾದೆ. ಅಷ್ಟೆಲ್ಲ ಅನುಭವಿಸಿದವಳು ಮತ್ತೊಬ್ಬಳ ಕೈಗೆ ಸೂಜಿ ಹೇಗೆ ಕೊಟ್ಟೆ? ಆಗ ಅದು ತಪ್ಪೆಂದು ತೋಚಲೇ ಇಲ್ಲ. ನಾನು ಈಗ ನೋಡುವ ಕಡೆಯವಳು ಎಂಬುದೇ ಒಂದು ಸುಖವಾಗಿತ್ತೋ ಏನೋ. ಅವರು ಹೋದ ಮೇಲೆ ಶಿವಗಂಗಾಳ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಬೋಗುಣಿ ತೊಳೆಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ನಿಮ್ಮ ಸೂಜಿ ಇನ್ನೂ ನನ್ನ ಪೆಟಿಗ್ಯಾಗ ಐತ್ರಿ ಅಕ್ಕಾರ,” ಎಂದಳು. ಇಷ್ಟೇ.

ಸುಂದರಾ ಮೊದಲ ಸಲಕ್ಕೇ ಪೋಣಿಸಿ ಸೂಜಿಯನ್ನು ಕಾಶಿಬಾಯಿಯ ಕೈಗೇ ತಿರುಗಿ ಕೊಟ್ಟಳು. ಸಂಜೆಗೆ ಜಕ್ಕಪ್ಪನಿಂದ ಸುದ್ದಿ ಬಂತು: ಹುಡುಗಿ ಪಸಂದ ಇದ್ದಾಳೆ. ಬಣ್ಣ ಸ್ವಲ್ಪ ಕಡಿಮೆ, ಮನೆಯಲ್ಲಿದ್ದರೆ ತಿಳಿಯಾಗುತ್ತದೆ. ಆದ್ದರಿಂದ ಕಾಲೇಜು ಸಾಕು. ಡಿಸೆಂಬರ್ ಹದಿನೈದಕ್ಕೆ ನಿಶ್ಚಯದ ಸಾಖರಪುಡಾ ಮಾಡಿ ಸಕ್ಕರೆ ಹಂಚಿಬಿಡೋಣ, ಮಾಘದಲ್ಲಿ ಲಗ್ನ. ಅಣ್ಣನಿಗೆ ಸಂತೋಷವೋ ಸಂತೋಷ. ಅವಳ ಡಾವಣಿಯ ಮಾತು ಕೇಳಿ ಮರುದಿನ ಬೆಳಿಗ್ಗೆಯೇ ಔಷಧ ಹೊಡೆಸಿದ. ಅವಳ ಓದಿನ ಮಾತನ್ನು ಮಾತ್ರ ಕೇಳಲಿಲ್ಲ. ಸೋಮವಾರ ಅವಳನ್ನು ನನ್ನ ಜೊತೆ ಅಥಣಿಗೆ ಕಳಿಸಲೂ ಇಲ್ಲ. ಬೆಂಗಳೂರಿನ ಆ ಎಂಬತ್ತೆಂಟು ಹುಡುಗಿಯರು ತಾವೇ ಅರ್ಜಿ ತುಂಬಿ ಬಂದವರು, ಸೋತರೂ ಗೆದ್ದರೂ ಮನೆಗೆ ಹೋಗುವವರು, ಇವಳನ್ನು ನೀವು ಕೇಳಿದಿರಾ ಎಂದು ನಾನು ಜಗಳ ತೆಗೆದೆ. ಆ ಸ್ಪರ್ಧೆಯ ಮೇಲಿನ ನನ್ನ ಸಿಟ್ಟು ಒಂದು ಕೂದಲೆಳೆಯೂ ಕಡಿಮೆಯಾಗಿಲ್ಲ, ಆದರೆ ಅಂಗಳದಲ್ಲಿ ಅದನ್ನೇ ನಡೆಸಿ ಬೆಂಗಳೂರಿಗೆ ಮನವಿ ಕಳಿಸುವುದು ನನ್ನಿಂದಾಗದು ಎಂದೆ. ಅಣ್ಣ ಕೊಟ್ಟ ಉತ್ತರವನ್ನು ನೀನು ಕೇಳಲೇಬೇಕು: “ಲಗ್ನ ಆಗದಾಕಿ ಲಗ್ನಾ ಮುರಿಯಾಕ ಬರಬ್ಯಾಡ.” ಐವತ್ತೆಂಟು ವರ್ಷದ ನನಗೆ, ಮನೆಯವರೆಲ್ಲರ ಮುಂದೆ. ಚೀಲ ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿದೆ.

ಅಣ್ಣ ಸೋಮವಾರವೇ ನಿನಗೆ ಕಾಗದ ಹಾಕಿದ್ದಾನೆ. ಒಪ್ಪಿಗೆ ಇದ್ದರೆ ತಂತಿ ಕಳಿಸು, ತಂತಿ ಬರದಿದ್ದರೂ ಒಪ್ಪಿಗೆಯೆಂದೇ ತಿಳಿಯುತ್ತೇನೆ ಎಂದು ಬರೆದಿದ್ದಾನಂತೆ. ಅಂದರೆ ನೀನು ಎಂದಿನಂತೆ ಅಣ್ಣ ನೋಡಿಕೊಳ್ಳುತ್ತಾನೆ ಎಂದು ಸುಮ್ಮನಿದ್ದರೆ ನಿನ್ನ ಮಗಳ ಸಕ್ಕರೆ ಹಂಚಿ ಮುಗಿದಿರುತ್ತದೆ. ಸಂಬಂಧ ಮುರಿ ಎಂದು ನಾನು ಹೇಳುತ್ತಿಲ್ಲ. ಪರೀಕ್ಷೆ ಮುಗಿಯಲಿ, ಆಮೇಲೆ ಹುಡುಗಿಯನ್ನೇ ಕೇಳಿ ಎಂದು ಅಣ್ಣನಿಗೆ ಒಂದು ತಂತಿ ಕೊಡು. ಗಡಿ ಕಾಯುವವನಿಗೆ ಅಷ್ಟು ಧೈರ್ಯ ಇರಲೇಬೇಕು.

ಅವ್ವನ ಆಶೀರ್ವಾದ. ಸ್ವೆಟರ್ ಮರೆಯಬೇಡ. ಮೊಳಕಾಲಿಗೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ನಿನ್ನ ಬಟಾಲಿಯನ್ನಿನ ನಮ್ಮ ಕಡೆಯ ಹುಡುಗರಿಗೆಲ್ಲ ಈ ಮುದಿ ಮಾಸ್ತರಿಣಿಯ ನೆನಪು ಹೇಳು.

ನಿನ್ನ ಅಕ್ಕ,
ಕಸ್ತೂರೆವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಹಾರೂಗೇರಿಯ ಬಸ್ಸಿನಿಂದ ಇಳಿದು ಶಿವಗಂಗಾ ಬಂದಳು, ಸುಂದರಾಳ ಕೈ ಹಿಡಿದುಕೊಂಡು. ಮಗಳು ಆಗಲೇ ಕಾಲೇಜಿಗೆ ಹೋದಳು, ಮಧ್ಯಾಹ್ನ ಪ್ರಾಕ್ಟಿಕಲ್ ಇದೆಯಂತೆ. ಶಿವಗಂಗಾ ಬೆಳಿಗ್ಗೆ ಪಡಸಾಲೆಗೆ ಬಂದು, ಜನ್ಮದಲ್ಲಿ ಮೊದಲ ಸಲ ಅಣ್ಣನ ಎದುರು ನಿಂತು, “ಭಾವಾರ, ಪರೀಕ್ಷಾ ಮುಗಿಯೂತನಕಾ ನನ್ನ ಮಗಳನ್ನ ಯಾರೂ ನೋಡಾಕ ಬರೂದು ಬ್ಯಾಡ್ರಿ,” ಎಂದಳಂತೆ. ಅಣ್ಣ, ಹೋದರೆ ಬಾಬು ಹೇಳುವವರೆಗೆ ಈ ಹೊಸ್ತಿಲು ತುಳಿಯಬೇಡ ಎಂದನಂತೆ. ಈಗ ನನ್ನ ಕಟ್ಟೆಯ ಮೇಲೆ ಕೂತಿದ್ದಾಳೆ, ನೀರು ಕೊಟ್ಟರೂ ಕುಡಿದಿಲ್ಲ, ನೀನು ಏನೆನ್ನುತ್ತೀಯೋ ಎಂಬುದೊಂದೇ ಹೆದರಿಕೆ. ಮೇಲೆ ಬರೆದದ್ದನ್ನು ಬಿಡು, ಅಣ್ಣನಿಗೆ ತಂತಿ ಬೇಡ. ಇಪ್ಪತ್ತೆರಡು ವರ್ಷದಿಂದ ನೀನು ಬರೆದ ಕಾಗದಗಳೆಲ್ಲ ಅಣ್ಣನ ಹೆಸರಿಗೇ ಬಂದಿವೆ, ಕೊನೆಯಲ್ಲಿ ‘ಉಳಿದವರಿಗೆ ಹೇಳು’ ಎಂದಿರುತ್ತದೆ. ಆ ಉಳಿದವರಲ್ಲಿ ನಿನ್ನ ಹೆಂಡತಿ ಇರುತ್ತಾಳೆ. ಈ ತಂತಿಯನ್ನು ನನ್ನ ಅಥಣಿ ವಿಳಾಸಕ್ಕೆ ಅವಳ ಹೆಸರಿಗೆ ಕಳಿಸು. ನೀನು ಮಾಡಿದ್ದು ಸರಿ ಎಂದಷ್ಟೇ ಇರಲಿ. ಟಪ್ಪಾಲಿನವನು ಬಾಗಿಲಲ್ಲಿ ನಿಂತು ಶಿವಗಂಗವ್ವ ಯಾರ್ರಿ ಎಂದು ಕೂಗಿ ಕೇಳಲಿ. ಹದಿನೈದನೆಯ ತಾರೀಖಿನ ಒಳಗೆ.